ಮೈಸೂರಿಂದ ಮೇಲುಕೋಟೆಗೆ ಬೈಕಲ್ಲಿ ಇಬ್ಬರು: ಹೊರಡುವ ಮೊದಲು ಸೀಟು ನೋಡಿಕೊಳ್ಳಿ

ಪಾಂಡವಪುರ ತಲುಪುವಷ್ಟರಲ್ಲಿ ಅಮ್ಮ ನನ್ನ ಬೆನ್ನು ತಟ್ಟಿ ಗಾಡಿ ನಿಲ್ಲಿಸು ಅಂದರು. ಇಳಿದವರಿಗೆ ಐದು ನಿಮಿಷ ನೆಟ್ಟಗೆ ನಿಲ್ಲೋಕೇ ಆಗಲಿಲ್ಲ. "ಸೊಂಟ ಹಿಡ್ಕೊಂಡ್ಬಿಡ್ತು ಕಣಪ್ಪ. ನೀನು ಬ್ರೇಕ್ ಹಾಕ್ದಾಗೆಲ್ಲ ಮುಂದಕ್ ಜಾರ್ತೀನಿ, ಹಿಂದಕ್ಕೆ ಸರ್ಕೊಂಡು ಸರ್ಕೊಂಡೇ ಸಾಕಾಯ್ತು" ಅಂದರು. ಮೇಲುಕೋಟೆಗೆ ಇನ್ನೂ ಅರ್ಧ ದಾರಿ ಇತ್ತು. ಅಲ್ಲಿಂದಲೇ ವಾಪಸ್ ಬಂದೆವು, ಅಮ್ಮ ಬಸ್ಸಲ್ಲಿ, ನಾನು ಬೈಕಲ್ಲಿ. ಅಷ್ಟು ಹೊತ್ತೂ ನಾನು ಮುಂದೆ ಆರಾಮಾಗಿ ಕೂತಿದ್ದೆ ಅನ್ನೋದೇ ಬಹಳ ದಿನ ಚುಚ್ಚುತ್ತಿತ್ತು.

ತಪ್ಪಾಗಿದ್ದು ಎಲ್ಲಿ ಅಂದರೆ, ಹಿಂದಿನ ತಿಂಗಳಷ್ಟೇ ಒಂದು ಅಂಗಡಿಯಲ್ಲಿ ಸೀಟಿಗೆ ಎರಡು ಇಂಚು ಮೆತ್ತನೆ ಸ್ಪಂಜು ಹಾಕಿಸಿದ್ದೆ. ಹೆಬ್ಬೆರಳಲ್ಲಿ ಒತ್ತಿ ನೋಡಿದಾಗ ಹಾಸಿಗೆ ಥರ ಇತ್ತು. ಆದರೆ ಕೂತಾಗ ಮೈಭಾರ ಬೀಳೋದು ಪೃಷ್ಠದ ಎರಡು ಮೂಳೆಗಳ ಮೇಲೆ. ಮೆತ್ತನೆ ಸ್ಪಂಜು ಅರ್ಧ ಗಂಟೆಯಲ್ಲಿ ಪೂರ್ತಿ ಅಮುಕಿಹೋಗಿ ಮೂಳೆ ಹೆಚ್ಚುಕಮ್ಮಿ ಸೀಟಿನ ತಳಕ್ಕೇ ತಾಗುತ್ತದೆ. ಮೇಲಿನ ಹೊಳೆಯುವ ರೆಕ್ಸಿನ್ ಜಾರುತ್ತಿತ್ತು, ಹಿಂದಿನ ಸೀಟು ಮುಂದಕ್ಕೆ ಇಳಿಜಾರಾಗಿತ್ತು. ಅಮ್ಮ ಜಾರದೆ ಇನ್ನೇನು ಮಾಡಿಯಾರು!

ಎರಡನೇ ಸಲ ಮಂಡಿ ಮೊಹಲ್ಲಾ ಕಡೆಯ ಒಬ್ಬ ಹಳೇ ಕೆಲಸಗಾರರ ಹತ್ತಿರ ಹೋದೆ. ಅವರು ಸ್ಪಂಜು ಮುಟ್ಟುವ ಮೊದಲು ನಮ್ಮಿಬ್ಬರನ್ನೂ ಗಾಡಿ ಮೇಲೆ ಕೂರಿಸಿ ನೋಡಿದರು. ಹಾಗೆ ನೋಡದವರ ಕೈಗೆ ಸೀಟು ಕೊಡಬೇಡಿ. ಕೆಳಗೆ ಗಟ್ಟಿ ರೀಬಾಂಡ್ ಸ್ಪಂಜು (ಸ್ಪಂಜಿನ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು), ಅದರ ಮೇಲೆ ಒಂದು ಬೆರಳಿನಷ್ಟು ಮಾತ್ರ ಮೆತ್ತನೆಯದು. ಅಮ್ಮ ಕೂರುವ ಜಾಗವನ್ನು ಸಮಮಾಡಿ, ಮುಂದಿನ ಅಂಚನ್ನು ಚೂರು ಎತ್ತಿದರು. ರೆಕ್ಸಿನ್ ತರಿತರಿಯಾದದ್ದು. ಕೂರುವ ಜಾಗದಲ್ಲಿ ಹೊಲಿಗೆ ಬರದ ಹಾಗೆ ಕತ್ತರಿಸಿದರು, ಯಾಕೆಂದರೆ ಹೊಲಿಗೆ ಚುಚ್ಚುತ್ತದೆ, ಮಳೆ ನೀರು ಒಳಗೆ ಇಳಿಯೋದೂ ಅಲ್ಲಿಂದಲೇ. ರೆಕ್ಸಿನ್ನನ್ನು ಸೀಟಿನ ತಳಕ್ಕೆ ಪಿನ್ ಹೊಡೆದು ಕೂರಿಸುವ ಮೊದಲು ಬನ್ನಿಮಂಟಪದವರೆಗೆ ಒಂದು ಸುತ್ತು ಹೋಗಿಬನ್ನಿ ಅಂದರು. ಹೋಗಿಬಂದ ಮೇಲೆ ನನ್ನ ಕಡೆ ಅರ್ಧ ಇಂಚು ಕಮ್ಮಿ ಮಾಡಿಸಿದೆ, ಗಾಡಿ ನಿಲ್ಲಿಸಿದರೆ ಎರಡೂ ಪಾದ ನೆಲಕ್ಕೆ ಊರಬೇಕಲ್ಲ. ಒಟ್ಟು 1,400 ರೂಪಾಯಿ, ಅರ್ಧ ದಿನದ ಕೆಲಸ.

ಸೀಟಿನ ಮೇಲೆ ಹಾಕುವ ಜೆಲ್ ಪ್ಯಾಡ್ ಬಗ್ಗೆ ಕೇಳುವವರಿಗೆ: ಬಿಸಿಲಲ್ಲಿ ಗಾಡಿ ನಿಲ್ಲಿಸಿ ಬಂದರೆ ಕಾದ ಹೆಂಚಾಗಿರುತ್ತದೆ, ಮೇಲೊಂದು ಟವೆಲ್ ಹಾಸಿಡಿ. ಗಾಳಿ ತುಂಬುವ ಕುಶನ್ ಆದರೆ ಬಿಗಿಯಾಗಿ ಊದಬೇಡಿ. ಮೂಳೆ ತಳಕ್ಕೆ ತಾಗದಷ್ಟು ಗಾಳಿ ಸಾಕು.

ಸೀಟು ಒಂದೇ ಸರಿಯಾದರೆ ಆಗಲಿಲ್ಲ. ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳ ಸ್ಪ್ರಿಂಗನ್ನು, ಅದರ ಬಿಗಿ ಹೊಂದಿಸುವ ಮೆಟ್ಟಿಲುಗಳಲ್ಲಿ ಎರಡು ಮೆಟ್ಟಿಲು ಬಿಗಿಮಾಡಿಸಿದೆ. ಎಡಬಲ ಒಂದೇ ಮೆಟ್ಟಿಲಲ್ಲಿ ಇರಲೇಬೇಕು. ನನ್ನ ಗಾಡಿಗೆ ಹಿಂದಿನ ಟೈರಿನ ಗಾಳಿ ಒಬ್ಬರಿಗೆ 28 ಪಿಎಸ್‌ಐ, ಇಬ್ಬರಿಗೆ 32. ನಿಮ್ಮದಕ್ಕೆ ಎಷ್ಟೆಂದು ಗಾಡಿಯ ಪುಸ್ತಕದಲ್ಲಿ ನೋಡಿಕೊಂಡು, ಟೈರು ತಣ್ಣಗಿರುವಾಗಲೇ ಹಿಡಿಸಿ. ಬೆನ್ನಿಗೆ ಬ್ಯಾಗ್ ಹಾಕಿಕೊಳ್ಳುವ ಅಭ್ಯಾಸ ಬಿಡಿ, ಅದು ಹಿಂದಿನವರನ್ನು ಸೀಟಿನ ಅಂಚಿಗೆ ತಳ್ಳುತ್ತದೆ. ಟ್ಯಾಂಕ್ ಮೇಲೆ ಕಟ್ಟಿ.

ಸೀರೆಯ ವಿಷಯಕ್ಕೆ ಬರುತ್ತೇನೆ. ಒಂದೇ ಕಡೆ ಕಾಲು ಹಾಕಿ ಕೂತರೆ ಸೊಂಟ ದಾರಿಯುದ್ದಕ್ಕೂ ತಿರುಚಿಕೊಂಡೇ ಇರುತ್ತದೆ, ಗಾಡಿಯ ತೂಕವೂ ಒಂದು ಪಕ್ಕಕ್ಕೆ ವಾಲುತ್ತದೆ. ಪಕ್ಕದ ಬೀದಿಗೆ ಹೋಗೋಕೆ ಸರಿ, ಐವತ್ತು ಕಿಲೋಮೀಟರಿಗೆ ಖಂಡಿತ ಬೇಡ. ಅಮ್ಮ ಮೊದಲು ಒಪ್ಪಲಿಲ್ಲ. ಕೊನೆಗೆ ಅಕ್ಕನ ಚೂಡಿದಾರ್ ಹಾಕಿಕೊಂಡು, ಸೀರೆ ಬ್ಯಾಗಲ್ಲಿ ಇಟ್ಟುಕೊಂಡು ಹೊರಟರು. ದುಪಟ್ಟ ಎದೆಗೆ ಸುತ್ತಿ ಗಂಟು ಹಾಕಿಸಿದೆ. ಸೀರೆಯಲ್ಲೇ ಹೋಗುವುದಾದರೆ ಹಿಂದಿನ ಚಕ್ರದ ಸೀರೆ ಗಾರ್ಡ್ ಕಳಚಿಸಿರಬಾರದು. ಹಿಂದೆ ಕೂರುವವರಿಗೆ ಹಿಡಿ, ಕಾಲಿಡುವ ಜಾಗ, ಚಕ್ರದ ಅರ್ಧದಷ್ಟಾದರೂ ಮುಚ್ಚುವ ಕಾಪು ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಅಂದಕ್ಕೆಂದು ಅದನ್ನು ತೆಗೆಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇಬ್ಬರಿಗೂ ಹೆಲ್ಮೆಟ್ ಬೇಕು. ಹಿಂದಿನವರದ್ದು ಸಡಿಲ ಇದ್ದರೆ ಬ್ರೇಕ್ ಹಾಕಿದಾಗಲೆಲ್ಲ ನಿಮ್ಮದಕ್ಕೆ ಡಿಕ್ಕಿ ಹೊಡೆಯುತ್ತದೆ.

ಎರಡನೇ ಸಲ ಬೆಳಿಗ್ಗೆ ಆರೂವರೆಗೆ ಹೊರಟೆವು. ಶ್ರೀರಂಗಪಟ್ಟಣ ದಾಟಿ, ಕಿರಂಗೂರಿನಲ್ಲಿ ತಿರುಗಿ, ಪಾಂಡವಪುರದ ಮೇಲೆ ಜಕ್ಕನಹಳ್ಳಿ ಕ್ರಾಸ್, ಅಲ್ಲಿಂದ ಎಡಕ್ಕೆ ಮೇಲುಕೋಟೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಹತ್ತಿಸುವಂತಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಹಂಪುಗಳಿಗೆ ಲೆಕ್ಕವಿಲ್ಲ. ಹಂಪ್ ಬಂದಾಗಲೆಲ್ಲ "ಹಂಪು" ಅಂತ ಕೂಗುತ್ತಿದ್ದೆ, ಅಮ್ಮ ಫುಟ್‌ರೆಸ್ಟ್ ಮೇಲೆ ಭಾರ ಕೊಟ್ಟು ಚೂರು ಮೇಲೇಳುತ್ತಿದ್ದರು. ಬೆನ್ನುಮೂಳೆಗೆ ಅದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ. ನೋವು ಬರಲಿ ಎಂದು ಕಾಯದೆ ಅರ್ಧ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದೆವು.

ಮೇಲುಕೋಟೆಯಲ್ಲಿ ಪರಿಚಯದವರ ಮನೆಯಲ್ಲಿ ಅಮ್ಮ ಸೀರೆ ಉಟ್ಟುಕೊಂಡರು. ಚೆಲುವನಾರಾಯಣನ ದರ್ಶನ ಮುಗಿಸಿ, "ಯೋಗನರಸಿಂಹನ ಬೆಟ್ಟಕ್ಕೂ ಹೋಗೋಣ" ಅಂದಾಗ ನನಗೆ ಕಣ್ಣು ತುಂಬಿತು. ಕೂತು ಕೂತು ಹತ್ತಿದರು, ಪೂರ್ತಿ ಹತ್ತಿದರು. ಇಳಿದು ಪುಳಿಯೋಗರೆ ತಿಂದೆವು.

ವಾಪಸ್ ಬರುವಾಗ ನಾಲ್ಕು ಗಂಟೆಯೊಳಗೆ ಹೊರಡಿ. ಕಬ್ಬು ಕಡಿಯುವ ಕಾಲದಲ್ಲಿ ಪಾಂಡವಪುರದ ಸುತ್ತ ಹಿಂದೆ ದೀಪವೇ ಇಲ್ಲದ ಟ್ರಾಕ್ಟರುಗಳು ಸಾಲಾಗಿ ಹೋಗುತ್ತವೆ, ಕತ್ತಲಾದರೆ ಹತ್ತಿರ ಹೋಗುವವರೆಗೂ ಕಾಣೋದಿಲ್ಲ. ಇಬ್ಬರು ಕೂತರೆ ಗಾಡಿಯ ಹಿಂಭಾಗ ಕುಗ್ಗಿ ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತದೆ, ಅದನ್ನೂ ಹೊರಡುವ ಮೊದಲೇ ಕೆಳಕ್ಕೆ ಹೊಂದಿಸಿಕೊಳ್ಳಿ.