ತೇರಿಗೆ ಮುಂಚೆ ಮುಗಿಯುವ ಜಾತ್ರೆ: ಡಿಸೆಂಬರಿನ ನ್ಯೂರೆಂಬರ್ಗ್

ಜರ್ಮನಿಯ ನ್ಯೂರೆಂಬರ್ಗಿನ ಕ್ರಿಸ್‌ಮಸ್ ಸಂತೆಗೆ ಹೊರಡುವವರು ಅದು ಮುಗಿಯುವ ಗಂಟೆಯನ್ನು ಮೊದಲು ಗುರುತು ಹಾಕಿಕೊಳ್ಳಬೇಕು: ಡಿಸೆಂಬರ್ 24, ಮಧ್ಯಾಹ್ನ 2. ನಮ್ಮಲ್ಲಿ ತೇರು ಎಳೆದ ಮೇಲೂ ನಾಲ್ಕು ದಿನ ಬೆಂಡು ಬತ್ತಾಸಿನ ಅಂಗಡಿಗಳಿರುತ್ತವೆ. ಇಲ್ಲಿ ತೇರು ಹೊರಡುವ ಮುನ್ನವೇ ಜಾತ್ರೆ ಗಂಟುಮೂಟೆ ಕಟ್ಟುತ್ತದೆ. ರಜೆ ಹೊಂದಿಸಿಕೊಂಡು 25ಕ್ಕೆ ಬಂದಿಳಿದವರಿಗೆ ಸಿಗುವುದು ಬಾಗಿಲು ಹಾಕಿದ ಊರು.

ಶುರುವಾಗುವುದು ಮೊದಲ ಅಡ್ವೆಂಟ್ ಭಾನುವಾರದ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದರ) ಹಿಂದಿನ ಶುಕ್ರವಾರ, ಸಂಜೆ 5.30ಕ್ಕೆ. ಚರ್ಚಿನ ಪಂಚಾಂಗವನ್ನೇ ಹಿಡಿದು ನಡೆಯುವುದರಿಂದ ಆ ದಿನ ನವೆಂಬರ್ 25ರಿಂದ ಡಿಸೆಂಬರ್ 1ರೊಳಗೆ ಯಾವಾಗಲಾದರೂ ಬರಬಹುದು. ಮ್ಯೂನಿಕ್‌ನಿಂದ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆಯೊಳಗಿನ ಹಾದಿ. ನಿಲ್ದಾಣದಿಂದ ಕೋನಿಗ್‌ಸ್ಟ್ರಾಸೆ ಹಿಡಿದು, ಸೇಂಟ್ ಲೊರೆಂಜ್ ಚರ್ಚ್ ದಾಟಿ, ಪೆಗ್ನಿಟ್ಸ್ ಹೊಳೆಯ ಸೇತುವೆಯ ಮೇಲೆ ಹಾಯ್ದರೆ ಹೌಪ್ಟ್‌ಮಾರ್ಕ್ಟ್ ಚೌಕ. ನಡೆದರೆ ಕಾಲು ಗಂಟೆ. ಸುಮಾರು 180 ಮರದ ಅಂಗಡಿಗಳು, ಮೇಲೆ ಕೆಂಪು ಬಿಳಿ ಪಟ್ಟೆಯ ಬಟ್ಟೆ. ವಾರಾಂತ್ಯದ ಸಂಜೆ ಕಾಲಿಡಲೂ ಜಾಗವಿರುವುದಿಲ್ಲ. ವಾರದ ದಿನ ಬೆಳಿಗ್ಗೆ ಹತ್ತಕ್ಕೇ ಹೋಗಿಬಿಡಿ. ಪ್ಲಾಸ್ಟಿಕ್ ಹಸಿರು ತೋರಣಕ್ಕೆ ಇಲ್ಲಿ ನಿಷೇಧ, ಧ್ವನಿಮುದ್ರಿತ ಹಾಡಿಗೂ ನಿಷೇಧ.

ತಿನ್ನಲು ಬೆರಳುದ್ದದ ಸಾಸೇಜ್ ಮೂರನ್ನು ಒಂದೇ ಬನ್ನಿನೊಳಗಿಟ್ಟು ಕೊಡುತ್ತಾರೆ. ಬಿಸಿ ವೈನ್ ಕೊಡುವ ಪಿಂಗಾಣಿ ಲೋಟಕ್ಕೆ ಕೆಲವು ಯೂರೊ ಮುಂಗಡ. ಲೋಟ ಮರಳಿಸಿದರೆ ಹಣ ವಾಪಸ್, ಹಾಗಾಗಿ 24ರಂದು ಗಡಿಯಾರದ ಮೇಲೊಂದು ಕಣ್ಣಿರಲಿ. ಲೇಬ್‌ಕೂಖನ್ ಎಂಬ ಮಸಾಲೆ ಬಿಸ್ಕತ್ತು ಕೊಳ್ಳುವಾಗ ‘ಎಲೀಸನ್’ ಎಂಬ ಹೆಸರನ್ನು ನೋಡಿ. ಅದರಲ್ಲಿ ಬಾದಾಮಿ, ಹೇಝಲ್‌ನಟ್‌ನಂಥ ಬೀಜಗಳು ಕನಿಷ್ಠ ಶೇ. 25 ಇರಬೇಕು, ಹಿಟ್ಟು ಶೇ. 10 ಮೀರಬಾರದು. ಹಿಟ್ಟು ಇಷ್ಟು ಕಡಿಮೆಯಾದ್ದರಿಂದ ಕಲಸಿದ ಮಿಶ್ರಣ ತಟ್ಟೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಚರ್ಚಿನಲ್ಲಿ ಹಂಚುವ ಪರಮಪ್ರಸಾದದ ಬಿಲ್ಲೆಯಂಥದೇ ತೆಳು ಹಾಳೆಯ ಮೇಲಿಟ್ಟು ಬೇಯಿಸುತ್ತಾರೆ. ಇದಕ್ಕೆ ಮೊಟ್ಟೆ ಹಾಕುವುದರಿಂದ ಅದನ್ನು ತಿನ್ನದವರು ಹುರಿದ ಬಾದಾಮಿಗೆ ತೃಪ್ತರಾಗಬೇಕು.

ಮಧ್ಯಾಹ್ನ 12ಕ್ಕೆ ತಲೆಯೆತ್ತಿ ಫ್ರೌಯೆನ್‌ಕಿರ್ಶೆ ಚರ್ಚಿನ ಗಡಿಯಾರ ನೋಡಿ. 1509ರ ಬೊಂಬೆಯಾಟ: ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳು ಮಂದಿ ಅರಸರು ಅವನಿಗೆ ಮೂರು ಸುತ್ತು ಬರುತ್ತಾರೆ. ಎಲ್ಲರೂ ಚಿತ್ರ ತೆಗೆಯುವ ಈ ಚರ್ಚ್ ನಿಂತಿರುವುದು 1349ರಲ್ಲಿ ಯಹೂದಿಗಳನ್ನು ಕೊಂದು ಕೆಡವಿದ ಪ್ರಾರ್ಥನಾ ಮಂದಿರದ ಜಾಗದಲ್ಲಿ.

ಸಂತೆಯನ್ನು ಉದ್ಘಾಟಿಸುವ ‘ಕ್ರಿಸ್ಟ್‌ಕಿಂಡ್’ ಇದೇ ಚರ್ಚಿನ ಮೊಗಸಾಲೆಯ ಮೇಲೆ ನಿಲ್ಲುತ್ತದೆ. ಹೆಸರಿನ ಅರ್ಥ ಶಿಶು ಕ್ರಿಸ್ತ. ವೇಷ ತೊಡುವವಳು ಹೊಂಗೂದಲು, ಕಿರೀಟ, ಚಿನ್ನದ ರೆಕ್ಕೆಯ 16ರಿಂದ 19ರ ಹುಡುಗಿ. ಎತ್ತರಕ್ಕೆ ತಲೆಸುತ್ತು ಬರಬಾರದೆಂಬುದೂ ಆಯ್ಕೆಯ ಷರತ್ತು! ಸಂತರ ಆರಾಧನೆ ಒಪ್ಪದ ಲೂಥರ್ ಪಂಥದವರು ಸಂತ ನಿಕೋಲಾಸನ ಬದಲು ಉಡುಗೊರೆ ತರುವ ಕೆಲಸವನ್ನು ಈ ಶಿಶುವಿಗೆ ವಹಿಸಿದರು. ಈಗ ಕ್ಯಾಥೊಲಿಕ್ ದಕ್ಷಿಣವೇ ಅದನ್ನು ಅಪ್ಪಿಕೊಂಡಿದೆ, ಪ್ರಾಟೆಸ್ಟೆಂಟ್ ಉತ್ತರಕ್ಕೆ ಕೆಂಪಂಗಿಯ ಅಜ್ಜ ಬರುತ್ತಾನೆ. ಉದ್ಘಾಟನೆಯ ಆಚರಣೆಯೂ ತೋರುವಷ್ಟು ಹಳೆಯದಲ್ಲ: 1933ರಲ್ಲಿ ನಾಜಿಗಳು ಸಂತೆಯನ್ನು ಈ ಚೌಕಕ್ಕೆ ಮರಳಿ ತಂದಾಗ ಹೊಸೆದದ್ದು, ಯುದ್ಧದ ನಂತರ 1948ರಲ್ಲಿ ಹೊಸ ಪದ್ಯದೊಂದಿಗೆ ಮತ್ತೆ ಆರಂಭವಾಯಿತು. 2019ರಲ್ಲಿ ಭಾರತ ಮೂಲದ ತಂದೆಯ ಮಗಳು ಆಯ್ಕೆಯಾದಾಗ ಬಲಪಂಥೀಯ ಪಕ್ಷದ ಸ್ಥಳೀಯ ಘಟಕವೊಂದು ಜಾಲತಾಣದಲ್ಲಿ ಕುಹಕವಾಡಿ, ಛೀಮಾರಿ ಬಿದ್ದ ಮೇಲೆ ಅಳಿಸಿಹಾಕಿತು.

ಭಾನುವಾರ ಸಂತೆ ಇರುತ್ತದೆ, ಸುತ್ತಲಿನ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. ಇದರ ಹಿಂದೆ ಸಂವಿಧಾನವೇ ಇದೆ: ಭಾನುವಾರ ವಿಶ್ರಾಂತಿಗೆ, ಮನಸ್ಸಿನ ಉನ್ನತಿಗೆ ಮೀಸಲು. ಅಡ್ವೆಂಟಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬರ್ಲಿನ್ ರಾಜ್ಯ ಅವಕಾಶ ಕೊಟ್ಟಾಗ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎರಡೂ ಚರ್ಚುಗಳು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗಿ 2009ರ ಡಿಸೆಂಬರ್ 1ರಂದು ಗೆದ್ದವು. ಗೆಲುವಿನ ಲಾಭ ದೇವರಿಗಿಂತ ಅಂಗಡಿ ನೌಕರರಿಗೆ ಹೆಚ್ಚು ಸಿಕ್ಕಿರಬೇಕು. ಕಾರ್ಮಿಕ ಸಂಘಗಳೂ ಭಾನುವಾರದ ಬಿಡುವಿನ ಪರವೇ.

24ರ ಬೆಳಿಗ್ಗೆಯೇ ಬ್ರೆಡ್ಡು, ಹಣ್ಣು, ಹಾಲು ಕೊಂಡಿಡಿ. 25, 26 ಎರಡೂ ಸರ್ಕಾರಿ ರಜೆ. ತುರ್ತಿಗೆ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ. 24ರ ಮಧ್ಯಾಹ್ನ ಮಕ್ಕಳ ಗೋದಲಿ ನಾಟಕದೊಂದಿಗೆ ಪ್ರಾರ್ಥನೆ ಶುರು, ರಾತ್ರಿ ತಡವಾಗಿ ಕ್ಯಾಥೊಲಿಕ್ ಪೂಜೆ. ಯಾರು ಬೇಕಾದರೂ ಹೋಗಬಹುದು. ಅರ್ಧ ಗಂಟೆ ಮುಂಚೆ ಹೋಗದಿದ್ದರೆ ಕಂಬಕ್ಕೊರಗಿ ನಿಲ್ಲಬೇಕಾದೀತು, ಏಕೆಂದರೆ ವರ್ಷಕ್ಕೊಮ್ಮೆ ಬರುವವರೆಲ್ಲ ಬರುವುದು ಆ ಸಂಜೆಯೇ. ಜರ್ಮನ್ನರು ಅವರನ್ನು ‘ಸಬ್‌ಮರೀನ್ ಕ್ರೈಸ್ತರು’ ಎಂದು ಛೇಡಿಸುತ್ತಾರೆ: ವರ್ಷಕ್ಕೊಮ್ಮೆ ಮೇಲೆದ್ದು ಮತ್ತೆ ಮುಳುಗುವವರು. ಕಲ್ಲಿನ ಚರ್ಚುಗಳಲ್ಲಿ ಚಳಿ, ಕೋಟು ಬಿಚ್ಚಬೇಡಿ. ಫ್ಲ್ಯಾಷ್ ಬೇಡ. ಕಾಣಿಕೆ ಬುಟ್ಟಿಗೆ ಚಿಲ್ಲರೆ ಜೇಬಿನಲ್ಲಿರಲಿ: ಲೂಥರನ್ ಚರ್ಚಿನಲ್ಲಿ ಅದು ‘ಜಗತ್ತಿಗೆ ರೊಟ್ಟಿ’ ಎಂಬ ನೆರವು ಸಂಸ್ಥೆಗೆ, ಕ್ಯಾಥೊಲಿಕ್ ಚರ್ಚಿನಲ್ಲಿ ಲ್ಯಾಟಿನ್ ಅಮೆರಿಕದ ಬಡವರಿಗೆ ಹೋಗುತ್ತದೆ.