ಔಡೆವಾಟರಿನ ಹಗ್ಗ: ಮೂರೆಳೆ ಕೂಡಿದವು

ಮೂರು ಕೊಕ್ಕೆಗಳೂ ಒಂದೇ ಹಿಡಿಕೆಯಿಂದ ತಿರುಗುವ ಮರದ ಚೌಕಟ್ಟು ಸಿದ್ಧವಾಗಿದೆ. ನೆದರ್ಲೆಂಡ್ಸಿನ ಔಡೆವಾಟರ್ ಪಟ್ಟಣದ ಹಳೆಯ ಕ್ರಮದಲ್ಲಿ ಹೆಂಪ್ (ಗಾಂಜಾ ಜಾತಿಯ ಗಿಡದ ನಾರು) ಹಗ್ಗ ಹೊಸೆಯಬೇಕೆಂಬ ನನ್ನ ಹಟ ಕೊನೆಗೂ ಕೈಗೆ ಹತ್ತುತ್ತಿದೆ.

ನೂಲುಗಳಿಗೆ ಒಂದು ದಿಕ್ಕಿನಲ್ಲಿ ಹುರಿ ಹಾಕಿದರೆ ಎಳೆಯಾಗುತ್ತದೆ. ಮೂರು ಎಳೆಗಳನ್ನು ಸೇರಿಸಿ ಎದುರು ದಿಕ್ಕಿಗೆ ತಿರುವಿದರೆ ಹಗ್ಗ. ಎಳೆ ಬಿಚ್ಚಿಕೊಳ್ಳಲು ಹವಣಿಸಿದಷ್ಟೂ ಹಗ್ಗ ಬಿಗಿಯುತ್ತದೆ. ಎಳೆಗಳ ನಡುವೆ ಮೂರು ಗೀರು ಕೊರೆದ ಶಂಕುವಿನಾಕಾರದ ಮರದ ತುಂಡನ್ನು ಇಟ್ಟಿದ್ದೇನೆ. ಹಿಂದೆ ಹಗ್ಗ ಕೂಡುತ್ತಾ ಬಂದಂತೆ ಅದು ತಾನಾಗಿ ಮುಂದೆ ಸರಿಯುತ್ತದೆ. ಹುರಿ ಏರಿದಂತೆ ಎಳೆಗಳು ಗಿಡ್ಡವಾಗುವುದರಿಂದ ಅವುಗಳ ಇನ್ನೊಂದು ತುದಿಯನ್ನು ಹಿಡಿದಿರುವ ಕೊಕ್ಕೆ ಜಾರುಹಲಗೆಯ ಮೇಲಿದೆ. ಅದರ ಮೇಲೆ ಅಕ್ಕಿಯ ಚೀಲ. ಭಾರ ಕಡಿಮೆಯಾದರೆ ಎಳೆ ಗಂಟುಗಂಟಾಗುತ್ತದೆ.

ಹಗ್ಗಕ್ಕೆ ಉದ್ದ ಜಾಗ ಬೇಕು. ಔಡೆವಾಟರಿನ ಕುಶಲಕರ್ಮಿಗಳು ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ನೂಲುತ್ತಾ ಹಿಮ್ಮುಖವಾಗಿ ನಡೆಯುತ್ತಿದ್ದರು. ನನಗಿರುವುದು ಮನೆಯ ಪಡಸಾಲೆ ಮಾತ್ರ!

ಹಾಲೆಂಡ್ಸೆ ಐಸೆಲ್ ನದಿಯ ದಡದ ಈ ಊರಿಗೆ 1265ರಲ್ಲಿ ನಗರದ ಹಕ್ಕು ದೊರೆಯಿತು. 1575ರ ಆಗಸ್ಟಿನಲ್ಲಿ ಸ್ಪೇನಿನ ಸೈನ್ಯ ನುಗ್ಗಿ ಜನರನ್ನು ಕೊಂದು ಊರನ್ನು ಸುಟ್ಟಿತು. ಆದರೂ ಹಗ್ಗದ ಕಸುಬು ನಿಲ್ಲಲಿಲ್ಲ; ಹಡಗುಗಳಿಗೆ ಹಗ್ಗ ಬೇಕೇ ಬೇಕಿತ್ತು.

ಪ್ರವಾಸಿಗರು ಈಗ ಅಲ್ಲಿಗೆ ಹೋಗುವುದು ಮಾತ್ರ ತಕ್ಕಡಿಗಾಗಿ. ಮಾಟಗಾತಿಯರು ಪೊರಕೆಯ ಮೇಲೆ ಹಾರುವಷ್ಟು ಹಗುರ ಎಂಬ ನಂಬಿಕೆಯ ಕಾಲದಲ್ಲಿ, ಆರೋಪ ಹೊತ್ತವರು ಜರ್ಮನ್ ಸೀಮೆಯಿಂದಲೂ ಬಂದು ಇಲ್ಲಿನ ತೂಕದ ಮನೆಯಲ್ಲಿ ತೂಗಿಸಿಕೊಳ್ಳುತ್ತಿದ್ದರು. ತೂಕ ದೇಹಕ್ಕೆ ತಕ್ಕಂತಿದೆ ಎಂಬ ಪ್ರಮಾಣಪತ್ರ ಜೀವ ಉಳಿಸುತ್ತಿತ್ತು. ಇಲ್ಲಿ ತೂಗಿದ ಯಾರೂ ಮಾಟಗಾತಿ ಎಂದು ಸಾಬೀತಾಗಲಿಲ್ಲ. ಇದನ್ನು ದಯೆಯ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಇದು ವ್ಯಾಪಾರದ ಕಥೆಯಾಗಿ ಕಾಣುತ್ತದೆ. ಅದೇ ಮನೆಯಲ್ಲಿ ದಿನವೂ ಸರಕು ತೂಗುತ್ತಿತ್ತು. ಕಲ್ಲಿನಲ್ಲಿ ಮೋಸವಿದ್ದರೆ ಯಾವ ವ್ಯಾಪಾರಿ ಮತ್ತೆ ಬಂದಾನು? ಇಂದು ಅದು ವಸ್ತುಸಂಗ್ರಹಾಲಯ. ಹೋದವರು ತೂಗಿಸಿಕೊಂಡು ಪ್ರಮಾಣಪತ್ರ ತರುತ್ತಾರೆ.

ಇನ್ನು ಹಗ್ಗದ ತುದಿಗಳಿಗೆ ದಾರ ಬಿಗಿಯಬೇಕು. ಹಡಗಿನ ಹಗ್ಗಕ್ಕೆ ಹಚ್ಚುತ್ತಿದ್ದಂಥ ಮರದ ಟಾರು ತರಿಸಿದ್ದೇನೆ. ಅದರ ವಾಸನೆಗೆ ಮನೆಯವರ ಒಪ್ಪಿಗೆ ಸಿಗುವಂತಿಲ್ಲ, ಹಾಗಾಗಿ ಆ ಕೆಲಸ ತಾರಸಿಯ ಮೇಲೆ.