ರಂಗೋಲಿ ಪುಡಿಯಲ್ಲಿ ಬರೆದ ಪಾರ್ಕು

ಈ ಸಲ ಅಮೆರಿಕದ ಸಿಯಾಟಲ್‌ನಿಂದ ಬರೆಯುತ್ತಿಲ್ಲ. ಮಗಳ ಶಾಲೆಗೆ ಬೇಸಿಗೆ ರಜೆ, ಕೆಲವು ವಾರ ಬೆಂಗಳೂರಿನಲ್ಲೇ ಇದ್ದೇವೆ. ಬಸವನಗುಡಿಯಲ್ಲಿ ಅಮ್ಮನ ಮನೆಯ ಜಗಲಿ ಮೇಲೆ ಕೂತಿದ್ದೇನೆ. ಉಗುರಿನ ಸಂದಿಯಲ್ಲಿ ಇನ್ನೂ ರಂಗೋಲಿ ಪುಡಿ ಇದೆ. ಅದು ಯಾಕೆ ಅಂತ ಹೇಳುತ್ತೇನೆ. ಮೊದಲು ಅಲ್ಲಿನ ಒಂದು ಪಾರ್ಕಿನ ಕಥೆ ಹೇಳಿಬಿಡುತ್ತೇನೆ.

ಸಿಯಾಟಲ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಪುಟ್ಟ ಪಾರ್ಕಿದೆ. ಮಗಳಿಗೆ 3 ವರ್ಷ ಇದ್ದಾಗ ಅದರ ಬೇಲಿ ಮೇಲೆ ಒಂದು ಬೋರ್ಡು ಬಂತು. ಮಕ್ಕಳ ಆಟದ ಜಾಗವನ್ನು ಹೊಸದಾಗಿ ಮಾಡುತ್ತೇವೆ, ನಿಮ್ಮ ಅಭಿಪ್ರಾಯ ಬೇಕು, ಬನ್ನಿ ಅಂತ ಬರೆದಿತ್ತು. ಇಂಗ್ಲಿಷ್ ಒಂದೇ ಅಲ್ಲ, ಸ್ಪ್ಯಾನಿಷ್, ಚೀನಿ, ಸೊಮಾಲಿ ಭಾಷೆಗಳಲ್ಲೂ ಇತ್ತು. ಆ ಊರಿನವರು 2014ರಲ್ಲಿ ಮತ ಹಾಕಿ ಪಾರ್ಕುಗಳಿಗೆಂದೇ ಬೇರೆ ತೆರಿಗೆ ಒಪ್ಪಿಕೊಂಡಿದ್ದಾರೆ. ಮನೆ ತೆರಿಗೆ ಕಟ್ಟುವಾಗ ಅದೂ ಸೇರಿರುತ್ತದೆ.

ಶನಿವಾರ ಬೆಳಿಗ್ಗೆ ಸಭೆ. ಸಭೆ ಅಂದರೆ ಹಾಲ್ ಇಲ್ಲ, ವೇದಿಕೆ ಇಲ್ಲ, ಹಾರ ಇಲ್ಲ. ಪಾರ್ಕಿನಲ್ಲೇ ಒಂದು ಶಾಮಿಯಾನ, ಅದರ ಕೆಳಗೆ ಎರಡು ಮೇಜು. ನಕ್ಷೆ ನೋಡೋಣ ಅಂತ ಹೋದರೆ ನಕ್ಷೆಯೇ ಇರಲಿಲ್ಲ! ಮೇಜಿನ ಮೇಲೆ ಆ ಪಾರ್ಕಿನ ಖಾಲಿ ಚಿತ್ರ ಹರಡಿದ್ದರು. ಈಗ ಇರುವ ಮರ, ದಾರಿ, ಇಳಿಜಾರು ಅಷ್ಟೇ. ವಿನ್ಯಾಸ ಮಾಡುವ ಹೆಂಗಸು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ನೀವು ಎಷ್ಟು ಹೊತ್ತಿಗೆ ಬರುತ್ತೀರಿ? ಎಲ್ಲಿ ಕೂರುತ್ತೀರಿ? ಯಾವುದನ್ನು ಮುಟ್ಟಲೇಬಾರದು?

‘ಏನು ಬೇಕು’ ಅಂತ ಕೇಳಿದರೆ ಎಲ್ಲರೂ ದೊಡ್ಡ ಪಟ್ಟಿ ಕೊಡುತ್ತಾರೆ. ‘ಇಲ್ಲಿ ಏನು ಮಾಡುತ್ತೀರಿ’ ಅಂತ ಕೇಳಿದರೆ ನಿಜ ಹೊರಗೆ ಬರುತ್ತದೆ. ಮೊಮ್ಮಗನನ್ನು ಗಾಲಿಕುರ್ಚಿಯಲ್ಲಿ ಕರೆತರುತ್ತಿದ್ದ ಅಜ್ಜಿಯೊಬ್ಬರು ಸುಮ್ನೆ ಒಂದು ಕಡೆ ಬೆರಳಿಟ್ಟು ತೋರಿಸಿದರು. ದಾರಿ ಚೆನ್ನಾಗಿದೆ, ಆದರೆ ಆಟದ ಜಾಗದ ಸುತ್ತ ಅಂಚಿಗೆ ಒಂದು ಎತ್ತರದ ಕಟ್ಟು ಇದೆ, ಅಲ್ಲಿಗೆ ಕುರ್ಚಿ ನಿಂತುಬಿಡುತ್ತದೆ. ಉಳಿದ ಮಕ್ಕಳು ಆಡುವುದನ್ನು ಅವನು ಅಲ್ಲಿಂದಲೇ ನೋಡುತ್ತಾನೆ. ನಾನು ಎರಡು ವರ್ಷ ದಿನಾ ಆ ಕಟ್ಟು ದಾಟಿದ್ದೆ. ಒಂದು ದಿನವೂ ಅದು ನನಗೆ ಕಂಡಿರಲಿಲ್ಲ. ಹೊಸ ಪಾರ್ಕಿನಲ್ಲಿ ಆ ಕಟ್ಟು ಇಲ್ಲ.

ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ಕಾನೂನು 1990ರಲ್ಲೇ ಬಂತು. ಹೊಸ ಆಟದ ಜಾಗಗಳು ಹೇಗಿರಬೇಕು ಅನ್ನುವ ಅಳತೆಗಳೂ ಆಮೇಲೆ ಅದರಡಿ ಬಂದವು. ನಮ್ಮಲ್ಲೂ 2016ರ ಕಾಯ್ದೆ ಇದೆ. ಆದರೆ ಕಾನೂನು ಕಟ್ಟಿನ ಮೇಲೆ ಬೆರಳಿಟ್ಟು ತೋರಿಸುವುದಿಲ್ಲ. ಅಜ್ಜಿಯೇ ತೋರಿಸಬೇಕು.

ಎರಡನೇ ಸಭೆಗೆ ಮೂರು ಬೇರೆ ಬೇರೆ ನಕ್ಷೆ ತಂದಿದ್ದರು. ಎಲ್ಲರ ಕೈಗೂ ಬಣ್ಣದ ಚುಕ್ಕಿ ಸ್ಟಿಕರ್ ಕೊಟ್ಟರು, ಮಕ್ಕಳಿಗೂ ದೊಡ್ಡವರಷ್ಟೇ. ದುಡ್ಡು ಎಷ್ಟಿದೆ ಅಂತ ಮೊದಲೇ ಹೇಳಿದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಅವರು ‘ಆಗಲ್ಲ’ ಅಂದ ರೀತಿ. ಮಕ್ಕಳು ಆರು ಉಯ್ಯಾಲೆ ಕೇಳಿದ್ದರು. ಯಾಕೆ ಆಗಲ್ಲ ಅಂತ ಆಕೆ ಹಗ್ಗ ಹಿಡಿದು ನೆಲದ ಮೇಲೆ ಅಳೆದು ತೋರಿಸಿದರು. ಉಯ್ಯಾಲೆ ನೇತುಹಾಕುವ ಕಂಬಿ ಎಷ್ಟು ಎತ್ತರವೋ ಅದರ ಎರಡರಷ್ಟು ಜಾಗ ಮುಂದೆ ಖಾಲಿ ಇರಬೇಕು, ಹಿಂದೆಯೂ ಅಷ್ಟೇ. ಕಂಬಿ 8 ಅಡಿ ಎತ್ತರ ಇದ್ದರೆ ಮುಂದೆ 16, ಹಿಂದೆ 16 ಅಡಿ. ಅಷ್ಟರಲ್ಲಿ ಯಾರೂ ಓಡಾಡಬಾರದು, ಬೆಂಚು ಇರಬಾರದು. ಒಂದು ಚೌಕಟ್ಟಿಗೆ ಎರಡೇ ಉಯ್ಯಾಲೆ. ಮಕ್ಕಳಿಗೆ ಬೇಜಾರಾಯಿತು, ಆದರೆ ಅರ್ಥವಾಯಿತು.

ಇದೆಲ್ಲ ಆಗಿ, ಕೆಲಸ ಮುಗಿದು ಗೇಟು ತೆರೆದಾಗ ಮಗಳಿಗೆ 6 ತುಂಬಿತ್ತು. ಮೂರು ವರ್ಷ. ಪುಟ್ಟ ಮಕ್ಕಳ ಉಯ್ಯಾಲೆಯಲ್ಲಿ ಅವಳು ಕೂರಲೇ ಇಲ್ಲ. ಈಗ ಪಕ್ಕದ ಬೀದಿಯ ಮಗು ಅದರಲ್ಲಿ ಆಡುತ್ತದೆ.

ಇನ್ನು ಇಲ್ಲಿಗೆ ಬರುತ್ತೇನೆ.

ಅಮ್ಮನ ಮನೆ ಹತ್ತಿರ ಇರುವುದೂ ಸಣ್ಣ ಪಾರ್ಕೇ. ಕೃಷ್ಣರಾವ್ ಪಾರ್ಕಿನಂಥ ದೊಡ್ಡದಲ್ಲ, ನಾಲ್ಕು ರಸ್ತೆ ನಡುವಿನ ಒಂದು ತುಂಡು ಜಾಗ. ನಾನು ಬೆಳೆದದ್ದು ಅಲ್ಲೇ. ಮಧ್ಯದಲ್ಲಿ ಹೊಂಗೆ ಮರ, ಅದರ ಸುತ್ತ ಕಲ್ಲಿನ ಕಟ್ಟೆ, ಒಂದು ಕಡೆ ಮರಳಿನ ಗುಂಡಿ. ಸಂಜೆ ಆ ಕಟ್ಟೆ ತುಂಬ ಹೆಂಗಸರು. ಹೂ ಕಟ್ಟುತ್ತಿದ್ದರು, ಅವರೆಕಾಯಿ ಸುಲಿಯುತ್ತಿದ್ದರು, ಒಂದು ಕಣ್ಣು ನಮ್ಮ ಮೇಲೆ ಇಟ್ಟಿರುತ್ತಿದ್ದರು.

ಕೆಲವು ವರ್ಷದ ಹಿಂದೆ ಒಂದು ಬೆಳಿಗ್ಗೆ ಜೆಸಿಬಿ ಬಂತು. ಯಾರನ್ನೂ ಕೇಳಿರಲಿಲ್ಲ. ಕಟ್ಟೆ ಒಡೆದರು, ಮರಳು ತೆಗೆದರು, ಪೂರ್ತಿ ಇಂಟರ್‌ಲಾಕ್ ಟೈಲ್ಸ್ ಹಾಕಿದರು. ಗೇಟಿಗೆ ದೊಡ್ಡ ಕಮಾನು ಬಂತು. ಟೈಲ್ಸ್ ಮೇಲೆಯೇ ಉಯ್ಯಾಲೆ ನಿಲ್ಲಿಸಿದರು. ಸ್ಟೀಲಿನ ಜಾರುಬಂಡೆಯನ್ನು ಪಶ್ಚಿಮಕ್ಕೆ ಮುಖ ಮಾಡಿ ಇಟ್ಟರು. ಮಧ್ಯಾಹ್ನ ಮೂರರ ಬಿಸಿಲಿಗೆ ಅದು ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಕೂರಲು ಬೆಂಚು ಕೊಟ್ಟರು, ಆದರೆ ಗೋಡೆ ಪಕ್ಕ ಸಾಲಾಗಿ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಅಮ್ಮ ಹೋಗುವುದನ್ನೇ ಬಿಟ್ಟರು. ‘ಅಲ್ಲಿ ಹೋಗಿ ಬಸ್ ಸ್ಟಾಪಲ್ಲಿ ಕೂತ ಹಾಗೆ ಕೂತ್ಕೋಬೇಕು ಕಣೇ’ ಅಂತ ಫೋನಿನಲ್ಲಿ ಹೇಳಿದ್ದರು. ಅವತ್ತು ನನಗೆ ಅಳು ಬಂದಿತ್ತು.

ಈಗ ಆ ಪಾರ್ಕಿಗೆ ಮತ್ತೆ ದುಡ್ಡು ಬರುತ್ತದೆ ಅನ್ನುವ ಮಾತು ಬೀದಿಯಲ್ಲಿ ಓಡಾಡುತ್ತಿದೆ. ಈ ಸಲ ಜೆಸಿಬಿ ಬರುವ ಮುಂಚೆ ನಾವೇ ಸೇರೋಣ ಅಂತ ಅಮ್ಮ ಮತ್ತು ವಾಕಿಂಗ್ ಗುಂಪಿನ ರಾಯರು ಹೊರಟರು. ನಾನು ಊರಿಗೆ ಬಂದ ವಾರವೇ ಮೊದಲ ಸಭೆ. ಭಾನುವಾರ ಬೆಳಿಗ್ಗೆ 7 ಗಂಟೆಗೆ.

ಬಂದವರು ಬಹುತೇಕ ರಿಟೈರಾದ ಗಂಡಸರು. ಒಳ್ಳೆಯವರೇ, ಪಾರ್ಕಿನ ಮೇಲೆ ಪ್ರೀತಿ ಇರುವವರೇ. ಅವರಿಗೆ ವಾಕಿಂಗ್ ದಾರಿ ಅಗಲ ಆಗಬೇಕು, ಯೋಗಕ್ಕೆ ಒಂದು ಮಂಟಪ ಬೇಕು, ಹುಡುಗರ ಕ್ರಿಕೆಟ್ ನಿಲ್ಲಬೇಕು. ಅರ್ಧ ಗಂಟೆಯಲ್ಲಿ ಪಟ್ಟಿ ತಯಾರು. ಅಷ್ಟರಲ್ಲಿ ಅಮ್ಮ ಕೇಳಿದರು, ‘ರಾಯರೇ, ನೀವು ಎಂಟು ಗಂಟೆಗೆ ಮನೆಗೆ ಹೋಗ್ತೀರಿ. ಆಮೇಲೆ ಇಲ್ಲಿ ಯಾರು ಇರ್ತಾರೆ?’ ಯಾರಿಗೂ ಗೊತ್ತಿರಲಿಲ್ಲ.

ಆ ವಾರ ಪೂರ್ತಿ ನಾವು ಮಾಡಿದ ಕೆಲಸ ಇಷ್ಟೇ. ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಪಾರ್ಕಿನ ಚಿತ್ರ ಬರೆದುಕೊಂಡು, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ, ಯಾರು ಎಲ್ಲಿದ್ದಾರೆ ಅಂತ ಚುಕ್ಕಿ ಇಟ್ಟೆವು. ಮೊದಲಾಗಿದ್ದರೆ ಬೆಳಿಗ್ಗೆ ಹತ್ತಕ್ಕೆ ಬೀಗ ಬೀಳುತ್ತಿತ್ತು. ಬೆಂಗಳೂರಿನ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಬೇಕು ಅಂತ 2024ರಲ್ಲಿ ತೀರ್ಮಾನವಾದ ಮೇಲೆ ಮಧ್ಯಾಹ್ನದ ಪಾರ್ಕೇ ಬೇರೆ ಆಗಿದೆ. ಹನ್ನೆರಡಕ್ಕೆ ಊಟದ ಡೆಲಿವರಿ ಹುಡುಗರು ಹೊಂಗೆ ನೆರಳಲ್ಲಿ ಹೆಲ್ಮೆಟ್ ತಲೆದಿಂಬು ಮಾಡಿಕೊಂಡು ಮಲಗಿರುತ್ತಾರೆ. ಎರಡಕ್ಕೆ ಪಕ್ಕದ ಕಟ್ಟಡ ಕೆಲಸದವರು ಬುತ್ತಿ ಬಿಚ್ಚುತ್ತಾರೆ. ನಾಲ್ಕಕ್ಕೆ ಮನೆಕೆಲಸ ಮುಗಿಸಿದ ಹೆಂಗಸರು ಮಕ್ಕಳ ಜೊತೆ ಬರುತ್ತಾರೆ. ಅವರಲ್ಲಿ ಒಬ್ಬಾಕೆಯನ್ನು ಮಾತಾಡಿಸಿದೆ. ‘ಅಕ್ಕಾ, ಒಂದು ಟಾಯ್ಲೆಟ್ ಇದ್ರೆ ಸಾಕು. ಮಗು ಒಂದಕ್ಕೆ ಅಂದ್ರೆ ಆಟ ಬಿಟ್ಟು ಎತ್ಕೊಂಡು ಹೋಗ್ಬೇಕು’ ಅಂದರು. ಭಾನುವಾರದ ಪಟ್ಟಿಯಲ್ಲಿ ಟಾಯ್ಲೆಟ್ ಇರಲಿಲ್ಲ.

ಕ್ರಿಕೆಟ್ ಹುಡುಗರನ್ನೂ ಕೇಳಿದೆ. ಮೈದಾನ ಬೇಕು ಅನ್ನುತ್ತಾರೆ ಅಂದುಕೊಂಡಿದ್ದೆ. ‘ಒಂದು ಗೋಡೆ ಸಾಕು ಆಂಟಿ, ಬಾಲ್ ವಾಪಸ್ ಬರೋಕೆ’ ಅಂದರು. ಹಿಂಬದಿಯಲ್ಲಿ ಪಂಪ್ ಹೌಸಿನ ಗೋಡೆ ಇದೆ, ಅದರ ಮುಂದೆ ಹಳೇ ಟೈಲ್ಸ್ ಗುಡ್ಡೆ ಹಾಕಿದ್ದಾರೆ. ಅದನ್ನು ತೆಗೆದರೆ ಮುಗಿಯಿತು.

ಎಲ್ಲರಿಗಿಂತ ಜಾಸ್ತಿ ಗೊತ್ತಿದ್ದದ್ದು ಮಾಲಿಗೆ. ಎಷ್ಟೋ ವರ್ಷದಿಂದ ಅದೇ ಪಾರ್ಕಿನಲ್ಲಿ ಇದ್ದಾರೆ. ‘ಅಮ್ಮಾ, ಮಳೆ ಬಂದ್ರೆ ಆ ಮೂಲೇಲಿ ಮೂರು ದಿನ ನೀರು ನಿಲ್ತದೆ. ಅಲ್ಲೇ ಜಾರುಬಂಡೆ ಇಟ್ರು. ಹೊಂಗೆ ಬೇರಿನ ಮೇಲೆ ಸಿಮೆಂಟ್ ಹಾಕ್ಬೇಡಿ ಅಂದೆ, ನನ್ ಮಾತು ಯಾರು ಕೇಳ್ತಾರೆ’ ಅಂದರು. ಮರ ಈಗ ಒಂದು ಕಡೆ ಒಣಗುತ್ತಿದೆ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಅವರನ್ನು ಮೊದಲು ಕೇಳಿದ್ದರೆ ಆ ಮರಕ್ಕೆ ಈ ಗತಿ ಬರುತ್ತಿರಲಿಲ್ಲ.

ಎರಡನೇ ಭಾನುವಾರ ರಂಗೋಲಿ ಪುಡಿ ತೆಗೆದುಕೊಂಡು ಹೋದೆ. ಕಾಗದದ ಮೇಲಿನ ಅಳತೆ ಎಲ್ಲರಿಗೂ ಅರ್ಥವಾಗುವುದಿಲ್ಲ. ಟೈಲರ್ ಅಂಗಡಿಯ ಟೇಪು ಇಸ್ಕೊಂಡು ಬಂದು ಉಯ್ಯಾಲೆ ಕಂಬಿ ಅಳೆದೆವು, ಹೆಚ್ಚೂಕಡಿಮೆ 8 ಅಡಿ. ಮುಂದೆ 16, ಹಿಂದೆ 16 ಅಡಿಗೆ ಮಗಳು ಮತ್ತು ಬೀದಿಯ ಮಕ್ಕಳು ಪುಡಿಯಲ್ಲಿ ಗೆರೆ ಎಳೆದರು. ಎಳೆಯುತ್ತಾ ಎಳೆಯುತ್ತಾ ಗೆರೆ ವಾಕಿಂಗ್ ದಾರಿಯನ್ನು ದಾಟಿ ಆಚೆಗೆ ಹೋಯಿತು. ರಾಯರು ನಿಂತಲ್ಲೇ ನಿಂತರು. ದಿನಾ ಬೆಳಿಗ್ಗೆ ಅವರು ನಡೆಯುವ ದಾರಿ ಉಯ್ಯಾಲೆಯ ಜಾಗದೊಳಗೇ ಹಾದು ಹೋಗಿದೆ. ದಾರಿ ಅಗಲ ಮಾಡಿ ಅಂತ ಕೇಳಿದ್ದವರು ಅವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ದಾರೀನ ಆ ಕಡೆ ತಿರುಗಿಸಬೇಕಮ್ಮಾ’ ಅಂದರು. ನಾನು ವಾದ ಮಾಡಿದ್ದರೆ ಇದು ಆಗುತ್ತಿರಲಿಲ್ಲ. ಬಿಳಿ ಗೆರೆ ಮಾಡಿತು.

ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಆಟದ ಜಾಗಗಳಿಗೆಂದೇ ಒಂದು ಕೈಪಿಡಿ ಮಾಡಿದೆ. ಉಯ್ಯಾಲೆಯ ಅಳತೆ ಬಂದದ್ದು ಅದರಿಂದಲೇ. ಅದರ ಇನ್ನೆರಡು ಮಾತು ನಮ್ಮ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ. ಮಕ್ಕಳು ಬೀಳುವ ಜಾಗದಲ್ಲಿ ಸಿಮೆಂಟು, ಟಾರು ಇರಲೇಬಾರದು. ಮರಳೋ ಮರದ ಚಕ್ಕೆಯೋ ಹಾಕಿದರೆ 9 ಇಂಚು ಆಳ ಇರಬೇಕು. 9 ಇಂಚು ಅಂದರೆ ಒಂದು ಗೇಣು. ಇನ್ನೊಂದು, ಆಟದ ಸಾಮಾನಿನಲ್ಲಿ 9 ಸೆಂಟಿಮೀಟರಿನಿಂದ 23 ಸೆಂಟಿಮೀಟರ್ ಒಳಗಿನ ಸಂದಿ ಇರಬಾರದು. ಮಗುವಿನ ಮೈ ನುಸುಳಿ ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಅಮ್ಮ ಇದನ್ನು ಕೇಳಿ ಕೈ ಚಾಚಿದರು. ‘ನಾಲ್ಕು ಬೆರಳಿಗಿಂತ ಸ್ವಲ್ಪ ಜಾಸ್ತಿ, ಗೇಣಿಗಿಂತ ಕಮ್ಮಿ, ಅಲ್ವಾ?’ ಅಂತ ಹೇಳಿ ಏಣಿಯ ಕಂಬಿಗಳ ನಡುವೆ ಕೈ ಇಟ್ಟು ನೋಡುತ್ತಾ ಹೋದರು. ಎರಡು ಕಡೆ ಸಂದಿ ಅಷ್ಟೇ ಇತ್ತು. ಅಲ್ಲೇ ಕೆಂಪು ರಿಬ್ಬನ್ ಕಟ್ಟಿದೆವು. 2024ರ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದ ಆಟದ ಮೈದಾನದಲ್ಲಿ ಗೇಟು ಬಿದ್ದು ಒಬ್ಬ ಹುಡುಗ ತೀರಿಕೊಂಡ. ಆ ಸುದ್ದಿಯನ್ನು ಸಿಯಾಟಲ್‌ನಲ್ಲಿ ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನಮ್ಮ ಪಾರ್ಕಿನ ಗೇಟಿನ ಹಿಂಜನ್ನೂ ಮಾಲಿ ಅವತ್ತೇ ಅಲ್ಲಾಡಿಸಿ ನೋಡಿದರು.

ಇದನ್ನೆಲ್ಲ ಯಾರಿಗೆ ಕೊಡುವುದು? ಬೆಂಗಳೂರಿನಲ್ಲಿ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು. ಯಾವ ಕಚೇರಿ, ಯಾವ ಮೇಜು ಅಂತ ಹುಡುಕುವುದಕ್ಕೇ ಎರಡು ದಿನ ಬೇಕಾಯಿತು. ಆದರೆ ನಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. ಪಾರ್ಕುಗಳನ್ನು ಬೇರೆ ಕೆಲಸಕ್ಕೆ ಬಳಸದಂತೆ ಕಾಪಾಡಲು 1985ರಲ್ಲೇ ಕರ್ನಾಟಕ ಒಂದು ಕಾಯ್ದೆ ಮಾಡಿದೆ. ವಾರ್ಡ್ ಸಮಿತಿ ಅನ್ನುವ ವ್ಯವಸ್ಥೆಯೂ ಕಾನೂನಿನಲ್ಲಿದೆ. ಅರ್ಜಿಯಲ್ಲಿ ಬರೀ ‘ಅಭಿವೃದ್ಧಿ ಮಾಡಿ’ ಅಂತ ಬರೆಯಲಿಲ್ಲ. ಕ್ಯಾಲೆಂಡರ್ ಹಾಳೆಯ ಫೋಟೋ, ರಂಗೋಲಿ ಗೆರೆಯ ಫೋಟೋ, ನೀರು ನಿಲ್ಲುವ ಮೂಲೆಯ ಫೋಟೋ ಅಂಟಿಸಿದೆವು. ಟೆಂಡರ್ ಕರೆಯುವ ಮುಂಚೆ ನಕ್ಷೆಯನ್ನು ಪಾರ್ಕಿನ ಗೇಟಿನಲ್ಲಿ ಹದಿನೈದು ದಿನ ಅಂಟಿಸಿ ಅಂತ ಕೇಳಿದ್ದೇವೆ. ಅರ್ಜಿ ತೆಗೆದುಕೊಂಡ ಇಂಜಿನಿಯರ್ ಹಾಳೆ ತಿರುವಿ ತಿರುವಿ ನೋಡಿ, ‘ಒಂದ್ಸಲ ಜಾಗ ನೋಡೋಕೆ ಬರ್ತೀನಿ’ ಅಂದರು. ಬರುತ್ತಾರೋ ಇಲ್ಲವೋ, ಕಾಯುತ್ತಿದ್ದೇವೆ.

ಎಲ್ಲದಕ್ಕೂ ಒಪ್ಪಿಗೆ ಆಗಿದೆ ಅಂತ ಅಂದುಕೊಳ್ಳಬೇಡಿ. ಯೋಗ ಮಂಟಪದ ವಿಷಯಕ್ಕೆ ಇನ್ನೂ ಜಗಳ ನಡೆಯುತ್ತಿದೆ. ಅದಕ್ಕೆ ಇರುವ ಒಂದೇ ಜಾಗ ಡೆಲಿವರಿ ಹುಡುಗರು ಮಲಗುವ ನೆರಳು. ನನಗಂತೂ ಆ ನೆರಳನ್ನು ಹಾಗೇ ಬಿಡಬೇಕು ಅನ್ನಿಸುತ್ತದೆ. ಸಿಯಾಟಲ್‌ನಲ್ಲಿ ಗ್ಯಾಸ್ ವರ್ಕ್ಸ್ ಪಾರ್ಕ್ ಅಂತ ಒಂದಿದೆ, 1975ರಲ್ಲಿ ತೆರೆದದ್ದು. ಮುಚ್ಚಿದ ಗ್ಯಾಸ್ ಕಾರ್ಖಾನೆಯನ್ನು ಒಡೆದು ಹಾಕಬೇಕು ಅಂತ ತುಂಬ ಜನ ಹೇಳುತ್ತಿದ್ದರು. ವಿನ್ಯಾಸಕಾರ ರಿಚರ್ಡ್ ಹಾಗ್ ಅಲ್ಲೇ ಕಚೇರಿ ಮಾಡಿಕೊಂಡು, ಜನರ ಜೊತೆ ಮಾತಾಡಿ ಮಾತಾಡಿ ಒಪ್ಪಿಸಿದರು. ಇವತ್ತು ಬಣ್ಣ ಬಳಿದ ಹಳೇ ಯಂತ್ರಗಳ ನಡುವೆ ಮಕ್ಕಳು ಆಡುತ್ತಾರೆ. ಅದಕ್ಕೆ ವರ್ಷಗಳೇ ಬೇಕಾದವು. ನಮಗಿನ್ನೂ ಮೂರು ವಾರ ಆಗಿದೆ ಅಷ್ಟೇ.

ನಿನ್ನೆ ರಾತ್ರಿ ಮಳೆ ಬಂದು ಗೆರೆಯೆಲ್ಲ ತೊಳೆದುಹೋಗಿತ್ತು. ಬೆಳಿಗ್ಗೆ ಹೋಗುವಷ್ಟರಲ್ಲಿ ಮಕ್ಕಳು ಮತ್ತೆ ಎಳೆಯುತ್ತಿದ್ದರು. ಪುಡಿ ಹಿಡಿದುಕೊಂಡು ನಾನೂ ಕೂತೆ. ನಾನು ಗುರುವಾರ ಹೊರಡುತ್ತೇನೆ. ಮುಂದಿನ ಸಭೆಯನ್ನು ಭಾನುವಾರ ಬೆಳಿಗ್ಗೆ 7ಕ್ಕೆ ಇಡುವುದು ಬೇಡ ಅಂತ ಅಮ್ಮ ಹೇಳಿದ್ದಾರೆ. ಸಂಜೆ 4ಕ್ಕೆ, ಹೊಂಗೆ ಮರದ ಕೆಳಗೆ, ಮನೆಕೆಲಸ ಮುಗಿಸಿ ಬರುವವರ ಹೊತ್ತಿಗೆ. ರಾಯರು ಮನೆಯಿಂದ ಚಾಪೆ ತರುತ್ತಾರಂತೆ.